ಸೊಂಟದ ಬಟ್ಟಲಿನ ಮುರಿತ: ಶಸ್ತ್ರಚಿಕಿತ್ಸೆ ಮತ್ತು ಶಸ್ತ್ರರಹಿತ ಚಿಕಿತ್ಸೆಗಳ ಆಯ್ಕೆ

ತೊಡೆಮೂಳೆಯ ಗುಂಡಾದ ತಲೆಯನ್ನು ತನ್ನೊಳಗೆ ಹಿಡಿದುಕೊಂಡು, ನಿಂತಾಗಲೂ ನಡೆದಾಗಲೂ ಮೇಲಿನ ಶರೀರದ ಭಾರವನ್ನು ಕಾಲಿಗೆ ಇಳಿಸಿಕೊಡುವ ಅಸ್ಥಿಮಯವಾದ ಕುಳಿಗೆ ವೈದ್ಯಶಾಸ್ತ್ರದಲ್ಲಿ ಅಸೆಟಾಬ್ಯುಲಮ್ ಎಂದು ಹೆಸರು. ಸೊಂಟದ ಬಟ್ಟಲು ಎಂದರೂ ಇದೇ. ಶ್ರೋಣಿಯ ಇಲಿಯಮ್, ಇಸ್ಕಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆಗಳು ಬಾಲ್ಯದಲ್ಲಿ ಮೃದ್ವಸ್ಥಿಯ ಪಟ್ಟಿಗಳಿಂದ ಬೇರ್ಪಟ್ಟಿದ್ದು, ಹದಿಹರೆಯದಲ್ಲಿ ಒಂದರೊಡನೊಂದು ಬೆಸೆದುಕೊಂಡಾಗ ಈ ಬಟ್ಟಲು ಪೂರ್ಣಗೊಳ್ಳುತ್ತದೆ. ವೃದ್ಧರೊಬ್ಬರು ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆಂದು ನಾವು ಹೇಳುವಾಗ ಮುರಿದಿರುವುದು ಬಹುಮಟ್ಟಿಗೆ ತೊಡೆಮೂಳೆಯ ಕತ್ತೇ ಹೊರತು ಈ ಬಟ್ಟಲಲ್ಲ. ಬಟ್ಟಲಿನ ಮುರಿತ ಅದಕ್ಕಿಂತ ವಿರಳವಾದುದು. ಎಡಿನ್‌ಬರೋದ ವೈದ್ಯರು 2005ರಲ್ಲಿ ಪ್ರಕಟಿಸಿದ ದೀರ್ಘಕಾಲದ ಗಣನೆಯಲ್ಲಿ ಅದು ವರ್ಷವೊಂದಕ್ಕೆ ಲಕ್ಷ ಜನರಲ್ಲಿ ಸುಮಾರು 3 ಮಂದಿಗೆ ಒದಗುವಷ್ಟು. ವಿರಳವಾದ್ದರಿಂದಲೇ ಅದರ ಚಿಕಿತ್ಸೆಯ ತಿಳಿವಳಿಕೆಯೂ ಜನರಲ್ಲಿ ವಿರಳವಾಗಿದೆ. ಆದರೆ ಅದಕ್ಕೆ ತುತ್ತಾಗುವವರಲ್ಲಿ ದುಡಿಯುವ ಪ್ರಾಯದವರು ಅನೇಕರಿರುವುದರಿಂದ, ಆರಂಭದ ಕೆಲವು ದಿನಗಳಲ್ಲಿ ಕೈಗೊಂಡ ನಿರ್ಣಯದ ಫಲವನ್ನು ಅವರು ಮುಂದಿನ ಮೂವತ್ತು ನಲವತ್ತು ವರ್ಷಗಳ ಕಾಲ ಹೊತ್ತು ನಡೆಯಬೇಕಾಗುತ್ತದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಮುರಿತದ ಕಾರಣಗಳನ್ನು ಅರಸಿ ದೂರ ಹೋಗಬೇಕಾಗಿಲ್ಲ. ಮೇಖ್ರಿ ವೃತ್ತದಿಂದ ಹೊರಟು ಗಂಗಾನಗರ, ಹೆಬ್ಬಾಳ, ಬ್ಯಾಟರಾಯನಪುರ, ಯಲಹಂಕಗಳನ್ನು ದಾಟಿ ದೇವನಹಳ್ಳಿಯ ಕಡೆಗೆ ಸಾಗುವ ಬಳ್ಳಾರಿ ರಸ್ತೆಯು, 2008ರ ಮೇ ತಿಂಗಳಲ್ಲಿ ಹೊಸ ವಿಮಾನ ನಿಲ್ದಾಣ ಅಲ್ಲಿ ತೆರೆದ ಮೇಲೆ, ಹಗಲಿರುಳೆನ್ನದೆ ವೇಗದ ವಾಹನಗಳ ಹೆದ್ದಾರಿಯಾಯಿತು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಸರಕು ತರುವ ಲಾರಿಗಳೂ, ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಹೊರಟವರ ಬೈಕುಗಳೂ ಗೊರಗುಂಟೆಪಾಳ್ಯದ ಬಳಿ ಒಂದರ ಮಗ್ಗುಲಲ್ಲೊಂದು ನುಗ್ಗುತ್ತವೆ. ಯಲಹಂಕದ ಸುತ್ತ ಏಳುತ್ತಿರುವ ವಸತಿ ಸಮುಚ್ಚಯಗಳ ಸಾರವೆಯ ಮೇಲಿನಿಂದ ಕೂಲಿಕಾರರು ಬೀಳುವುದೂ ಉಂಟು. ಪೆಟ್ಟು ಬಿದ್ದ ಕ್ಷಣದಲ್ಲಿ ತೊಡೆ ಯಾವ ಭಂಗಿಯಲ್ಲಿತ್ತೆಂಬುದು ಮುರಿತದ ಸ್ವರೂಪವನ್ನು ನಿಶ್ಚಯಿಸುತ್ತದೆ. ಕಾರಿನಲ್ಲಿ ಕುಳಿತವನ ಮಡಿಸಿದ ಮಂಡಿಗೆ ಡ್ಯಾಶ್‌ಬೋರ್ಡು ಬಡಿದರೆ ಆ ಆಘಾತ ತೊಡೆಮೂಳೆಯುದ್ದಕ್ಕೂ ಸಾಗಿ ಅದರ ತಲೆಯ ಗುಂಡನ್ನು ಹಿಂದಕ್ಕೆ ದೂಡುವುದರಿಂದ ಬಟ್ಟಲಿನ ಹಿಂಗೋಡೆ ಒಡೆಯುತ್ತದೆ; ಬೈಕಿನಿಂದ ಪಕ್ಕಕ್ಕೆ ಉರುಳಿ ತೊಡೆಯ ಹೊರಮಗ್ಗುಲು ರಸ್ತೆಗೆ ಅಪ್ಪಳಿಸಿದರೆ ಗುಂಡು ನೇರವಾಗಿ ಒಳನುಗ್ಗಿ ಬಟ್ಟಲಿನ ತಳವನ್ನೂ ಮುಂಭಾಗವನ್ನೂ ಸೀಳುತ್ತದೆ.

ಶಸ್ತ್ರಚಿಕಿತ್ಸೆಯೋ ಅಲ್ಲವೋ ಎಂಬ ವಿಚಾರಕ್ಕೆ ಮೊದಲೇ ತೀರ್ಮಾನವಾಗಬೇಕಾದ ಒಂದು ಸಂಗತಿಯುಂಟು. ಹಿಂಗೋಡೆ ಒಡೆದಾಗ ಅನೇಕವೇಳೆ ಗುಂಡು ಬಟ್ಟಲಿನಿಂದ ಹೊರಕ್ಕೆ ಜಾರಿರುತ್ತದೆ. ಕಾಲು ಗಿಡ್ಡವಾಗಿ, ಒಳಮುಖವಾಗಿ ತಿರುಗಿ, ಮಂಡಿ ಕೊಂಚ ಮಡಿಸಿಕೊಂಡು ನಿಂತಿರುತ್ತದೆ. ಗುಂಡಿಗೆ ರಕ್ತವನ್ನೊಯ್ಯುವ ಸೂಕ್ಷ್ಮನಾಳಗಳು ಈ ಸ್ಥಿತಿಯಲ್ಲಿ ಹಿಂಡಿಹೋಗಿರುವುದರಿಂದ, ಸಾಧ್ಯವಾದಷ್ಟು ಬೇಗನೆ, 6 ಗಂಟೆಗಳೊಳಗೆ, ಅರಿವಳಿಕೆ ಕೊಟ್ಟು ಗುಂಡನ್ನು ಸ್ವಸ್ಥಾನಕ್ಕೆ ಕೂಡಿಸಬೇಕು; ತಡವಾದಷ್ಟೂ ಗುಂಡು ರಕ್ತವಿಲ್ಲದೆ ಸತ್ತುಹೋಗುವ ಸಂಭವ ಹೆಚ್ಚುತ್ತದೆ. ಕೀಲಿನ ಹಿಂಬದಿಯಲ್ಲೇ ಸಾಗುವ ಸಯಾಟಿಕ್ ನರಕ್ಕೆ ಪೆಟ್ಟಾಗಿದೆಯೆ ಎಂಬುದನ್ನು, ಪಾದವನ್ನೂ ಹೆಬ್ಬೆರಳನ್ನೂ ಮೇಲಕ್ಕೆತ್ತಲು ಹೇಳಿ, ಕೂಡಿಸುವುದಕ್ಕೆ ಮುಂಚೆಯೂ ಕೂಡಿಸಿದ ಮೇಲೂ ಪರೀಕ್ಷಿಸಿ ಬರೆದಿಡತಕ್ಕದ್ದು. ಇದನ್ನು ಮಾಡಲು ಬಟ್ಟಲಿನ ಮುರಿತದಲ್ಲಿ ವಿಶೇಷ ನಿಪುಣನಾದ ಶಸ್ತ್ರವೈದ್ಯನೇ ಬೇಕೆಂದಿಲ್ಲ. ಹೆಬ್ಬಾಳದಲ್ಲಿ 1973ರಿಂದಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥದೋ, ಮತ್ತೀಕೆರೆಯ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥದೋ, ಮೂಳೆ ವಿಭಾಗವುಳ್ಳ ಯಾವುದೊಂದು ಸಮೀಪದ ಆಸ್ಪತ್ರೆಯೂ ಆಗಬಹುದು. ಗುಂಡನ್ನು ಕೂಡಿಸುವುದು ಗಂಟೆಗಳ ಲೆಕ್ಕದ ಕೆಲಸ. ಬಟ್ಟಲನ್ನು ದುರಸ್ತಿ ಮಾಡುವುದು ದಿನಗಳ ಲೆಕ್ಕದ್ದು. ಇವೆರಡನ್ನು ಒಂದೆಂದು ಬಗೆದು, ದೊಡ್ಡ ಆಸ್ಪತ್ರೆಯನ್ನೇ ಹುಡುಕಿಕೊಂಡು ಜಾರಿದ ಕೀಲಿನೊಡನೆ ಊರೆಲ್ಲ ಅಲೆಯುವುದು ಅತ್ಯಂತ ಹಾನಿಕರವಾದುದು.

ಹೀಗೆಯೇ ನಮ್ಮ ಸೀಮೆಯಲ್ಲಿ ರೂಢಮೂಲವಾಗಿರುವ ನಾಟಿ ಕಟ್ಟಿನ ವಿಷಯವನ್ನೂ ಇಲ್ಲಿ ಹೇಳಬೇಕು. ತಿರುಪತಿಗೆ ಸಮೀಪದ ಪುತ್ತೂರಿನ ಹೆಸರಿನಲ್ಲಿ ಪ್ರಸಿದ್ಧವಾದ ಕಟ್ಟಿಗೆ ಬೆಂಗಳೂರಿನಿಂದ ಹೋಗುವವರು ಅನೇಕರು. 'ಪುತ್ತೂರು ಕಟ್ಟು' ಎಂಬ ಫಲಕ ಹೊತ್ತ ಅಂಗಡಿಗಳು ಈ ನಗರದಲ್ಲಿಯೂ ಇವೆ. ಮುಂಗೈಯ ಸರಳವಾದ ಬಿರುಕೊಂದು ಬಿದಿರಿನ ದಬ್ಬೆಯ ಕಟ್ಟಿನಲ್ಲಿ ಕೂಡಿಕೊಂಡರೆ ಆಶ್ಚರ್ಯವಿಲ್ಲ, ಏಕೆಂದರೆ ಕೈಯನ್ನು ಸುತ್ತುವರಿದ ಕಟ್ಟು ಆ ಮೂಳೆಯ ಚಲನೆಯನ್ನು ತಡೆಯಬಲ್ಲದು. ಸೊಂಟದ ಬಟ್ಟಲಾದರೋ ದಪ್ಪವಾದ ಮಾಂಸಖಂಡಗಳ ಅಡಿಯಲ್ಲಿ, ಶ್ರೋಣಿಯ ಆಳದಲ್ಲಿದೆ. ಹೊರಗಿನಿಂದ ಸುತ್ತಿದ ಯಾವ ಬಟ್ಟೆಯೂ ಯಾವ ಲೇಪವೂ ಅದರ ಚೂರುಗಳನ್ನು ತಲುಪಲಾರದು. ಆಪರೇಷನ್ನಿಗೆ ಅಂಜಿ ಕಟ್ಟಿಗೆ ಹೋದವನು ತಾನು ಶಸ್ತ್ರರಹಿತ ಚಿಕಿತ್ಸೆಯನ್ನು ಆರಿಸಿಕೊಂಡೆನೆಂದು ತಿಳಿಯುತ್ತಾನೆ. ವಸ್ತುತಃ ಅವನು ಚಿಕಿತ್ಸೆಯಿಲ್ಲದೆ ಇದ್ದಾನೆ. ಶಸ್ತ್ರರಹಿತ ಚಿಕಿತ್ಸೆಯೆಂಬುದು ಏನನ್ನೂ ಮಾಡದಿರುವುದಲ್ಲ. ಅದಕ್ಕೆ ತನ್ನದೇ ಆದ ಅರ್ಹತೆಗಳೂ ನಿಯಮಗಳೂ ಕಾವಲೂ ಉಂಟು. ಈ ಲೇಖನದ ಮುಖ್ಯ ಪ್ರತಿಪಾದ್ಯವೇ ಅದು.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಬಹುಪಾಲು ರೋಗಿಗಳಿಗೆ ಮಂಚದಲ್ಲಿ ಮಲಗಿಸಿ ಕಾಲಿಗೆ ತೂಕ ಕಟ್ಟುವುದೇ ಪರಿಪಾಠವಾಗಿತ್ತು. 1961ರಲ್ಲಿ ಬಾಸ್ಟನ್ನಿನ ರೋ ಮತ್ತು ಲೋವೆಲ್ ಎಂಬ ವೈದ್ಯರು ಹೀಗೆ ಉಪಚರಿಸಲ್ಪಟ್ಟವರನ್ನು ದೀರ್ಘಕಾಲ ಗಮನಿಸಿ, ಬಟ್ಟಲಿನ ಭಾರ ಹೊರುವ ಮೇಲ್ಚಾವಣಿ ಹೇಗಿದೆ, ಗುಂಡಿಗೂ ಚಾವಣಿಗೂ ಹೊಂದಾಣಿಕೆ ಉಳಿದಿದೆಯೆ, ಗುಂಡು ಕೆಟ್ಟಿದೆಯೆ ಎಂಬಿವುಗಳ ಮೇಲೆಯೇ ರೋಗಿಯ ಭವಿಷ್ಯ ನಿಂತಿದೆಯೆಂದು ತೋರಿಸಿದರು. ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ರಾಬರ್ಟ್ ಜುಡೆ ಮತ್ತು ಅವರ ಶಿಷ್ಯ ಎಮಿಲ್ ಲೆಟೂರ್ನೆಲ್ ಈ ಮೂಳೆಯ ರಚನೆಯನ್ನೇ ಹೊಸದಾಗಿ ಅಭ್ಯಸಿಸುತ್ತಿದ್ದರು. ಕವಲೊಡೆದ ಕೊಂಬೆಯೊಂದನ್ನು ತಲೆಕೆಳಗು ಮಾಡಿ ಹಿಡಿದರೆ ಹೇಗೋ ಹಾಗೆ ಮುಂದಣ ಸ್ತಂಭ, ಹಿಂದಣ ಸ್ತಂಭ ಎಂಬ ಎರಡು ಆಧಾರಗಳ ಸಂಧಿಯಲ್ಲಿ ಬಟ್ಟಲು ನೆಲೆಗೊಂಡಿದೆಯೆಂದು ಅವರು ಕಂಡರು. 1964ರಲ್ಲಿ ಪ್ರಕಟವಾದ ಅವರ ಲೇಖನದ ಮೂಲಕ ಐದು ಸರಳ, ಐದು ಸಂಕೀರ್ಣ ಎಂಬ ಹತ್ತು ಬಗೆಗಳ ವಿಂಗಡಣೆ ಲೋಕಪ್ರಸಿದ್ಧವಾಯಿತು. ಇಂದಿಗೂ ಯಾವ ದೇಶದ ಮೂಳೆ ವೈದ್ಯನೂ ಈ ಮುರಿತದ ಬಗೆಗೆ ಮಾತನಾಡುವುದು ಆ ವಿಂಗಡಣೆಯ ಭಾಷೆಯಲ್ಲಿಯೇ. ಒಂದು ನೇರವಾದ ಎಕ್ಸ್‌ರೇ, ರೋಗಿಯನ್ನು ಬಲಕ್ಕೂ ಎಡಕ್ಕೂ 45 ಡಿಗ್ರಿ ಹೊರಳಿಸಿ ತೆಗೆದ ಎರಡು ಓರೆ ಎಕ್ಸ್‌ರೇಗಳು, ಇವುಗಳಲ್ಲಿ ಕಾಣುವ ಆರು ಗೆರೆಗಳಲ್ಲಿ ಯಾವುದು ಎಲ್ಲಿ ತುಂಡಾಗಿದೆಯೆಂದು ಓದುವ ವಿದ್ಯೆಯನ್ನು ಅವರೇ ಕಲಿಸಿದರು. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಕೀಲಿನೊಳಗೆ ಸಿಕ್ಕಿಬಿದ್ದ ಸಣ್ಣ ಚೂರುಗಳೂ, ತಗ್ಗಿಹೋದ ಅಂಚುಗಳೂ ಸ್ಪಷ್ಟವಾಗಿ ಗೋಚರಿಸುವಂತಾದುವು. ಆದರೂ ಗೆರೆಗಳನ್ನು ಓದಬಲ್ಲ ಕಣ್ಣಿಗೆ ಅದು ಸಹಾಯಕವೇ ಹೊರತು ಬದಲಿಯಲ್ಲ.

ಇನ್ನು ಆಯ್ಕೆಯ ವಿಚಾರ. ರೋಗಿಯ ಕಡೆಯವರು ಸ್ಕ್ಯಾನ್ ಚಿತ್ರದಲ್ಲಿ ಎಷ್ಟು ತುಂಡುಗಳಾಗಿವೆಯೆಂದು ಎಣಿಸತೊಡಗುವುದು ಸಹಜ. ವೈದ್ಯನು ನೋಡುವುದು ಬೇರೆಯದನ್ನು. ಗುಂಡು ಚಾವಣಿಯ ಕೆಳಗೆ ಸರಿಯಾಗಿ ನೆಲೆಗೊಂಡಿದೆಯೆ, ಮತ್ತು ಅಲ್ಲಿಯೇ ನೆಲೆಗೊಂಡಿರುವುದೆ ಎಂಬ ಎರಡು ಪ್ರಶ್ನೆಗಳೇ ಅವನಿಗೆ ಮುಖ್ಯ. ಚಾವಣಿಯಲ್ಲಿ 2 ಮಿಲಿಮೀಟರಿಗಿಂತ ಹೆಚ್ಚು ಸರಿದ ಮೆಟ್ಟಿಲು ಉಳಿದರೆ ಮೃದ್ವಸ್ಥಿಯ ಮೇಲಿನ ಒತ್ತಡ ಒಂದೇ ಎಡೆಯಲ್ಲಿ ಸಾಂದ್ರವಾಗಿ, ಕೆಲವೇ ವರ್ಷಗಳಲ್ಲಿ ಕೀಲು ಸವೆದುಹೋಗುತ್ತದೆ. ಆದರೆ ಅಷ್ಟೇ ಅಗಲದ ಬಿರುಕು ಬಟ್ಟಲಿನ ಕೆಳಭಾಗದಲ್ಲಿ, ಭಾರ ಬೀಳದ ಎಡೆಯಲ್ಲಿದ್ದರೆ ಅದರಿಂದ ಆಗುವ ಕೇಡು ಅಲ್ಪ. ಎಲ್ಲಿಯವರೆಗೆ ಚಾವಣಿ ಎನ್ನಬೇಕೆಂಬುದಕ್ಕೆ ಅಮೆರಿಕದ ಜೋಯೆಲ್ ಮಾಟ್ಟಾ ಒಂದು ಅಳತೆಯನ್ನು ಕೊಟ್ಟರು: ಗುಂಡಿನ ಕೇಂದ್ರದಿಂದ ನೇರ ಮೇಲಕ್ಕೊಂದು, ಮುರಿತದ ತುದಿಗೊಂದು ಗೆರೆಯೆಳೆದರೆ, ಮೂರು ಎಕ್ಸ್‌ರೇಗಳಲ್ಲಿಯೂ ಆ ಕೋನ 45 ಡಿಗ್ರಿಗಿಂತ ಹೆಚ್ಚಾಗಿದ್ದಲ್ಲಿ ಚಾವಣಿ ಸುರಕ್ಷಿತವೆಂದು ತಿಳಿಯಬಹುದು. ಸಿ.ಟಿ.ಯಲ್ಲಿ ಇದಕ್ಕೆ ಸಮನಾದದ್ದು ಬಟ್ಟಲಿನ ಮೇಲ್ತುದಿಯ 10 ಮಿಲಿಮೀಟರು. ಅಷ್ಟು ಭಾಗ ಮುರಿಯದೆ ಉಳಿದಿರಬೇಕು. ಕಾಲಿಗೆ ತೂಕ ಕಟ್ಟದೆಯೇ ತೆಗೆದ ಚಿತ್ರಗಳಲ್ಲಿ ಗುಂಡು ಕೇಂದ್ರದಲ್ಲಿ ನಿಂತಿರಬೇಕೆಂಬುದೂ ಅಷ್ಟೇ ಅಗತ್ಯವಾದ ನಿಬಂಧನೆ. ತೂಕದ ಬಲದಿಂದ ಮಾತ್ರ ಸರಿಯಾಗಿ ಕಾಣುವ ಕೀಲು ತೂಕ ಬಿಚ್ಚಿದೊಡನೆ ಸರಿಯುವಂಥದು. ಈ ಅಳತೆಯು ಹಿಂಗೋಡೆಯ ಮುರಿತಕ್ಕೂ, ಎರಡು ಸ್ತಂಭಗಳೂ ಮುರಿದ ಬಗೆಗೂ ಅನ್ವಯಿಸುವುದಿಲ್ಲ.

ಹಿಂಗೋಡೆಯ ಮುರಿತ ಎಲ್ಲಕ್ಕಿಂತ ಸಾಮಾನ್ಯವಾದುದು, ನೋಡಲು ಸರಳವಾದುದು, ಮತ್ತು ಅದೇ ಕಾರಣದಿಂದ ಮೋಸಮಾಡತಕ್ಕದ್ದು. ಗೋಡೆಯ ಅರ್ಧಕ್ಕಿಂತ ಹೆಚ್ಚು ಒಡೆದಿದ್ದರೆ ಕೀಲು ನಿಲ್ಲುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕು. ಐದನೆಯ ಒಂದಂಶಕ್ಕಿಂತ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಡುವಣ ಪ್ರಮಾಣದಲ್ಲಿ ಸಿ.ಟಿ. ಚಿತ್ರವೊಂದರಿಂದಲೇ ನಿರ್ಣಯ ಹೇಳಲಾಗದು. ಚಿಕ್ಕ ಚೂರಿನಲ್ಲಿಯೂ ಅಸ್ಥಿರತೆ ಇರಬಹುದಾದ್ದರಿಂದ ಅಲ್ಲಿಯೂ ಅನುಮಾನ ಉಳಿದರೆ ಪರೀಕ್ಷಿಸುವುದೇ ಲೇಸು. ಆ ಪರೀಕ್ಷೆ ಹೀಗೆ: ರೋಗಿಗೆ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿ, ಸಿ-ಆರ್ಮ್ ಯಂತ್ರದ ಪರದೆಯ ಮೇಲೆ ಕೀಲನ್ನು ನೋಡುತ್ತ, ವೈದ್ಯನು ಮಂಡಿಯನ್ನು ಮಡಿಸಿ ತೊಡೆಯನ್ನು 90 ಡಿಗ್ರಿಗೆ ಎತ್ತುತ್ತಾನೆ, ಬಳಿಕ ತೊಡೆಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಒಳಮುಖವಾಗಿ ತಿರುಗಿಸಿ, ಮಂಡಿಯ ಮೇಲೆ ಅಂಗೈಯಿಟ್ಟು ಹಿಂದಕ್ಕೆ ಒತ್ತುತ್ತಾನೆ. ಗುಂಡಿಗೂ ಬಟ್ಟಲಿಗೂ ನಡುವಣ ಸಮಾನವಾದ ಕಪ್ಪು ಅಂತರ ಒಂದು ಕಡೆ ಕೂದಲೆಳೆಯಷ್ಟು ಹಿಗ್ಗಿದರೂ ಕೀಲು ಅಸ್ಥಿರವೆಂದು ಅರ್ಥ. ಕೆಲವೇ ನಿಮಿಷಗಳ ಈ ಪರೀಕ್ಷೆಗೆ ನಮ್ಮ ಜನರ ವಿಷಯದಲ್ಲಿ ಇನ್ನೂ ಹೆಚ್ಚಿನ ಬೆಲೆಯುಂಟು. ಕುರ್ಚಿಯ ಮೇಲೆಯೇ ದಿನ ಕಳೆಯುವವನಿಗಿಂತ, ನೆಲದ ಮೇಲೆ ಕುಳಿತು ಉಣ್ಣುವ, ಕುಕ್ಕರುಗಾಲಿನಲ್ಲಿ ಕುಳಿತು ಶೌಚಕ್ಕೆ ಹೋಗುವ, ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಬಗ್ಗಿ ಮೂಟೆ ಎತ್ತುವ ಮನುಷ್ಯನ ಹಿಂಗೋಡೆಯ ಮೇಲೆ ಗುಂಡು ಹೆಚ್ಚು ಬಲವಾಗಿ, ಹೆಚ್ಚು ಸಲ ಒತ್ತುತ್ತದೆ. ರೋಗಿಯ ಕಸುಬೇನು, ಮನೆಯಲ್ಲಿ ಕೂರುವ ಬಗೆಯೇನು ಎಂದು ವೈದ್ಯನು ವಿಚಾರಿಸಬೇಕು. ವಿಚಾರಿಸದಿದ್ದರೆ ಮನೆಯವರು ತಾವಾಗಿಯೇ ಹೇಳಬೇಕು.

ಎರಡು ಸ್ತಂಭಗಳೂ ಮುರಿದ ಸಂಕೀರ್ಣ ಬಗೆಯಲ್ಲಿ ಇದಕ್ಕೆ ವಿಲಕ್ಷಣವಾದ ಸಂಗತಿಯೊಂದು ಕಾಣುತ್ತದೆ. ಚಿತ್ರದಲ್ಲಿ ಭೀಕರವಾಗಿ ತೋರುವ ಈ ಮುರಿತದಲ್ಲಿ ಬಟ್ಟಲಿನ ಎಲ್ಲ ಚೂರುಗಳೂ ಶ್ರೋಣಿಯ ಮುಖ್ಯಭಾಗದಿಂದ ಬಿಡಿಸಿಕೊಂಡು, ಗುಂಡಿನ ಸುತ್ತ ತಮ್ಮಷ್ಟಕ್ಕೆ ತಾವೇ ಒಂದು ಹೊಸ ಬಟ್ಟಲಿನಂತೆ ಸೇರಿಕೊಂಡಿರುವುದುಂಟು; ಲೆಟೂರ್ನೆಲ್ ಇದನ್ನು ದ್ವಿತೀಯಕ ಹೊಂದಾಣಿಕೆ ಎಂದು ಕರೆದರು. ಹೀಗಿದ್ದಾಗ, ಅದರಲ್ಲಿಯೂ ವಯಸ್ಸಾದವರಲ್ಲಿ, ಶಸ್ತ್ರವಿಲ್ಲದೆಯೂ ತಕ್ಕಮಟ್ಟಿನ ಫಲ ದೊರೆಯುತ್ತದೆ.

ಶಸ್ತ್ರರಹಿತ ಮಾರ್ಗಕ್ಕೆ ಅರ್ಹನಾದ ರೋಗಿಯ ಉಪಚಾರವು ಮನೆಯವರು ಎಣಿಸುವುದಕ್ಕಿಂತ ಶ್ರಮದ್ದು. ಮೊದಲ ಕೆಲವು ದಿನ ನೋವು ತಗ್ಗುವವರೆಗೆ ವಿಶ್ರಾಂತಿ. ಅನಂತರ ವಾಕರ್ ಅಥವಾ ಊರುಗೋಲು ಹಿಡಿದು, ಪೆಟ್ಟಾದ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುವಂತೆ ನಡಿಗೆ. ಕಾಲನ್ನು ಪೂರ್ತಿಯಾಗಿ ಮೇಲೆತ್ತಿಕೊಂಡು ಕುಂಟುವುದಕ್ಕಿಂತ ಹೀಗೆ ತಾಗಿಸುವುದು ಮೇಲು. ಎತ್ತಿ ಹಿಡಿದಾಗ ಮಾಂಸಖಂಡಗಳೇ ಕೀಲನ್ನು ಬಿಗಿಯಾಗಿ ಹಿಂಡುತ್ತವೆ. ಆರರಿಂದ ಎಂಟು ವಾರಗಳವರೆಗೆ ಈ ಕ್ರಮ, ಮೂರು ತಿಂಗಳ ಹೊತ್ತಿಗೆ ಪೂರ್ಣ ಭಾರ. ಮೊದಲ ಮೂರು ನಾಲ್ಕು ವಾರಗಳಲ್ಲಿ ವಾರಕ್ಕೊಮ್ಮೆ ಮೂರೂ ಕೋನಗಳ ಎಕ್ಸ್‌ರೇ ತೆಗೆದು ಚೂರುಗಳು ಸರಿದಿವೆಯೆ ಎಂದು ನೋಡಲೇಬೇಕು, ಸರಿದಿದ್ದರೆ ಶಸ್ತ್ರಚಿಕಿತ್ಸೆಗೆ ಇನ್ನೂ ಅವಕಾಶವಿರುವಾಗಲೇ ಅದು ತಿಳಿಯಬೇಕಾದ್ದರಿಂದ. ಮಲಗಿದ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವ ಅಪಾಯ ಎರಡು ಮಾರ್ಗಗಳಲ್ಲಿಯೂ ಇರುವುದರಿಂದ ಹೆಪಾರಿನ್ ಜಾತಿಯ ಔಷಧ ಬೇಕಾಗುತ್ತದೆ. ಮಂಡಿಯ ಬಳಿ ಮೂಳೆಗೆ ಕಂಬಿ ತೂರಿಸಿ ತೂಕ ಕಟ್ಟುವ ಹಳೆಯ ವಿಧಾನ ಈಗ ಹೆಚ್ಚಾಗಿ ಶಸ್ತ್ರಚಿಕಿತ್ಸೆಯವರೆಗಿನ ತಾತ್ಕಾಲಿಕ ಏರ್ಪಾಟು. ತಗ್ಗಿಹೋದ ಚಾವಣಿಯ ಚೂರನ್ನು ಯಾವ ತೂಕವೂ ಎಳೆದು ಸರಿಪಡಿಸಲಾರದು. ಎರಡು ತಿಂಗಳು ಹಾಗೆ ಮಲಗಿದವನಿಗೆ ಹಾಸಿಗೆ ಹುಣ್ಣು, ಕಫ, ಮಂಡಿಯ ಬಿಗಿತಗಳು ಮಾತ್ರ ನಿಶ್ಚಿತ.

ಶಸ್ತ್ರಚಿಕಿತ್ಸೆಯಲ್ಲಿ ಚೂರುಗಳನ್ನು ಜೋಡಿಸಿ ಪ್ಲೇಟು ಸ್ಕ್ರೂಗಳಿಂದ ಬಿಗಿಯುವುದು ಉದ್ದೇಶ. ಹಿಂಗೋಡೆಗೂ ಹಿಂದಣ ಸ್ತಂಭಕ್ಕೂ ಪೃಷ್ಠಭಾಗದಲ್ಲಿ ಕೊಯ್ಯುವ ಕೋಕರ್-ಲಾಂಗೆನ್‌ಬೆಕ್ ಮಾರ್ಗ. ಮುಂದಣ ಸ್ತಂಭಕ್ಕೆ ಲೆಟೂರ್ನೆಲ್ ರೂಪಿಸಿದ ತೊಡೆಸಂದಿಯ ಮಾರ್ಗ, ಇಲ್ಲವೆ ಕಿಬ್ಬೊಟ್ಟೆಯ ನಡುವಿನಿಂದ ಶ್ರೋಣಿಯ ಒಳಮುಖವನ್ನು ತಲುಪುವ ಈಚಿನ ಮಾರ್ಗ. ಫಲವು ಜೋಡಣೆಯ ನಿಖರತೆಯನ್ನೇ ಅವಲಂಬಿಸಿದೆ. ಮಾಟ್ಟಾ 1996ರಲ್ಲಿ ವರದಿಮಾಡಿದ, ಮೂರು ವಾರಗಳೊಳಗೆ ಶಸ್ತ್ರಚಿಕಿತ್ಸೆಯಾದ 262 ಮುರಿತಗಳಲ್ಲಿ 1 ಮಿಲಿಮೀಟರಿನೊಳಗಿನ ಜೋಡಣೆ ಸಾಧ್ಯವಾದದ್ದು 71 ಪ್ರತಿಶತದಲ್ಲಿ. ಇದು ಜೀವಮಾನವನ್ನೇ ಈ ಕೆಲಸಕ್ಕೆ ಮುಡಿಪಿಟ್ಟವರ ಕೈಯಲ್ಲಿ. ಆದುದರಿಂದ ಈ ಮುರಿತದ ಶಸ್ತ್ರಚಿಕಿತ್ಸೆಯನ್ನು ಪದೇಪದೇ ಮಾಡಿ ಪಳಗಿದ ವೈದ್ಯನಿರುವ ಕಡೆಗೆ, ಅದು ಉತ್ತರ ಭಾಗದ ದೊಡ್ಡ ಆಸ್ಪತ್ರೆಯಿರಲಿ, ನಗರದ ಇನ್ನೊಂದು ತುದಿಯಲ್ಲಿರುವ ಸರ್ಕಾರದ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಿರಲಿ, ರೋಗಿಯನ್ನು ಕಳಿಸುವುದು ನ್ಯಾಯ. ನರಕ್ಕೆ ಪೆಟ್ಟಾಗುವುದು, ಸೋಂಕು, ಹೆಚ್ಚು ರಕ್ತಸ್ರಾವ, ಕೀಲಿನ ಸುತ್ತಣ ಮಾಂಸದಲ್ಲಿ ಅನಗತ್ಯವಾಗಿ ಮೂಳೆ ಬೆಳೆದು ಚಲನೆ ಕಟ್ಟುವುದು ಇವು ಶಸ್ತ್ರಚಿಕಿತ್ಸೆಯ ಅಪಾಯಗಳು. ಕೊಯ್ಯುವ ಎಡೆಯಲ್ಲಿ ಚರ್ಮ ಕೆಟ್ಟಿದ್ದರೆ, ಸೋಂಕಿದ್ದರೆ, ಹೃದಯ ಶ್ವಾಸಕೋಶಗಳು ಸಹಿಸಲಾರದಿದ್ದರೆ, ಚಿತ್ರ ಏನೇ ಹೇಳಿದರೂ ಶಸ್ತ್ರವನ್ನು ಕೈಬಿಡಬೇಕಾಗುತ್ತದೆ.

ಅರವತ್ತು ದಾಟಿದವರ ವಿಷಯ ಪ್ರತ್ಯೇಕ. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂಗಳು ಹಿಡಿಯುವುದಿಲ್ಲ. ಚಾವಣಿಯ ಒಳಭಾಗ ಕುಸಿದಿದ್ದರೆ ಜೋಡಿಸಿದರೂ ಬಾಳುವುದು ಅನಿಶ್ಚಿತ. ಅಂಥವರಲ್ಲಿ ಸ್ತಂಭಗಳನ್ನು ಬಿಗಿದು ಅದೇ ಸಲ ಕೃತಕ ಕೀಲನ್ನೂ ಕೂಡಿಸುವ ಕ್ರಮ ಈಚೆಗೆ ಬಳಕೆಗೆ ಬಂದಿದೆ. ಬೇಗನೆ ಎದ್ದು ನಡೆಯಬಹುದೆಂಬುದು ಅದರ ಗುಣ. ಮನೆಯೊಳಗೆ ಮಾತ್ರ ಓಡಾಡುವ ವೃದ್ಧರಿಗೆ, ಕಾಲು ಕೊಂಚ ಗಿಡ್ಡವಾದರೂ ಚಿಂತೆಯಿಲ್ಲವೆಂದು, ಶಸ್ತ್ರರಹಿತವಾಗಿಯೇ ಬೇಗ ಕುರ್ಚಿಗೆ ಕೂರಿಸುವುದೂ ಗೌರವಾರ್ಹವಾದ ನಿರ್ಣಯವೇ. ಅದನ್ನು ಮಕ್ಕಳು ಕೈಬಿಟ್ಟದ್ದೆಂದು ನೆಂಟರು ಆಡಿಕೊಳ್ಳುವುದು ತಪ್ಪು.

ಆಯ್ಕೆಗೆ ಕಾಲದ ಮಿತಿಯಿದೆ. ದೇಹಸ್ಥಿತಿ ಸುಧಾರಿಸಿ, ಮೊದಲ ರಕ್ತಸ್ರಾವ ನಿಂತ ಮೇಲೆ, ಒಂದು ವಾರದೊಳಗೆ ಮಾಡಿದ ಜೋಡಣೆ ಉತ್ತಮ. ಮೂರು ವಾರ ಕಳೆದರೆ ಚೂರುಗಳ ನಡುವೆ ಹೊಸ ಮೂಳೆ ತುಂಬಿ ಹಳೆಯ ಗೆರೆಗಳೇ ಅಳಿಸಿಹೋಗುತ್ತವೆ. ಹಣ ಹೊಂದಿಸುವುದರಲ್ಲಿ ಈ ದಿನಗಳು ಕಳೆದುಹೋಗುವುದನ್ನು ಕಂಡವರಿಗೆ ಸರ್ಕಾರದ ಯೋಜನೆಗಳ ವಿವರ ವೈದ್ಯಕ್ಕೆ ಹೊರತಾದ ವಿಷಯವೆನಿಸದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ, ಪ್ರಾಣ ಹೋಗುವ ಹೊತ್ತಿನಲ್ಲಿಯೂ ತನ್ನ ಅಂಗಗಳನ್ನು ದಾನಮಾಡಿರೆಂದು ಕೇಳಿಕೊಂಡ ಯುವಕ ಹರೀಶನ ಹೆಸರಿನಲ್ಲಿ ಅದೇ ವರ್ಷ ಆರಂಭವಾದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯು, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ಗೊತ್ತುಮಾಡಿತು. ಜಾರಿದ ಕೀಲನ್ನು ಕೂಡಿಸುವುದಕ್ಕೆ ಆ ಅವಧಿ ಸಾಕು. ಬಟ್ಟಲಿನ ಶಸ್ತ್ರಚಿಕಿತ್ಸೆಯಾದರೋ ಸಾಮಾನ್ಯವಾಗಿ ಬರುವುದು ಅದು ಮುಗಿದ ಮೇಲೆಯೇ. ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ, 2025ರಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆ ಈ ಮುರಿತದ ಕಾಲಕ್ರಮಕ್ಕೆ ಹೆಚ್ಚು ಹೊಂದುತ್ತದೆ. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ, ಪೀಣ್ಯದ ವಿಮಾದಾರ ಕಾರ್ಮಿಕರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯೂ ಇವೆ. ಇಂಥ ಯೋಜನೆಯ ಕಾರ್ಡನ್ನು ಆಸ್ಪತ್ರೆಗೆ ದಾಖಲಾದ ದಿನವೇ ಕೊಡಬೇಕು.

ಫಲಿತಾಂಶದ ವಿಷಯದಲ್ಲಿ ಅತಿಯಾದ ಭರವಸೆಯೂ ಅತಿಯಾದ ನಿರಾಶೆಯೂ ಸಲ್ಲವು. ಬೇರೆಬೇರೆ ದೇಶಗಳಿಂದ ವರದಿಯಾದ 3,670 ಶಸ್ತ್ರಚಿಕಿತ್ಸೆಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಸರಾಸರಿ ಐದು ವರ್ಷಗಳಾದ ಮೇಲೆ 75ರಿಂದ 80 ಪ್ರತಿಶತ ರೋಗಿಗಳ ಸ್ಥಿತಿ ಉತ್ತಮವಾಗಿತ್ತು. ಸುಮಾರು 20 ಪ್ರತಿಶತದಲ್ಲಿ ಕೀಲು ಸವೆದಿತ್ತು. ಸವೆದ ಕೀಲಿಗೆ, ಅದು ಶಸ್ತ್ರಚಿಕಿತ್ಸೆಯಾದದ್ದಿರಲಿ ಆಗದ್ದಿರಲಿ, ಮುರಿತ ಪೂರ್ತಿ ಕೂಡಿದ ಮೇಲೆ ಕೃತಕ ಕೀಲು ಜೋಡಿಸಬಹುದು. ಮೊದಲೇ ಬಟ್ಟಲಿನ ಆಕಾರ ಸರಿಪಡಿಸಿದ್ದರೆ ಹೊಸ ಕೃತಕ ಬಟ್ಟಲು ಕೂರಲು ನೆಲೆ ಸಿಗುತ್ತದೆ. ಕಟ್ಟಿನಲ್ಲಿಯೋ ಅಲೆದಾಟದಲ್ಲಿಯೋ ತಿಂಗಳುಗಳನ್ನು ಕಳೆದು ಬಂದವನಲ್ಲಿ ಗುಂಡು ಒಳಕ್ಕೆ ಕುಸಿದು, ಹಿಂಗೋಡೆಯೇ ಇಲ್ಲವಾಗಿ, ಆ ಖಾಲಿಯನ್ನು ರೋಗಿಯದೇ ಗುಂಡಿನಿಂದ ಕತ್ತರಿಸಿದ ಮೂಳೆಯಿಂದ ಮೊದಲು ತುಂಬಬೇಕಾಗುತ್ತದೆ. ಸೋಂಕು ಅಡಗಿದೆಯೆ ಎಂದು ರಕ್ತಪರೀಕ್ಷೆ ಮಾಡಿ, ಹಳೆಯ ಪ್ಲೇಟು ಅಡ್ಡಬಂದರೆ ಅದನ್ನು ತೆಗೆದು, ಗುಂಡನ್ನು ಕತ್ತರಿಸಿ ಬಿಸಾಡದೆ ಮೇಜಿನ ಮೇಲೆ ತೇವದ ಬಟ್ಟೆಯಲ್ಲಿ ಕಾದಿರಿಸಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯ ಕ್ರಮ.